ಅಯ್ಯೋ ಎನ್ನುವ ಮೊದಲು

ಕಳೆದ ಮಳೆಗಾಲದ ಒಂದು ಭಾನುವಾರ ಮಧ್ಯಾಹ್ನ ತಂಗಿಯ ಮಗಳು ನಮ್ಮ ಮನೆಯ ಜಗಲಿಯಲ್ಲಿ ಕೂತು ಮಳೆಯ ಚಿತ್ರ ಬರೆಯುತ್ತಿದ್ದಳು. ಅವಳಿಗೆ ಏಳು ವರ್ಷ. ಎದುರಿಗೆ ನಿಜವಾದ ಮಳೆಯೇ ಸುರಿಯುತ್ತಿತ್ತು. ಅವಳು ಮಾತ್ರ ಅದರತ್ತ ತಿರುಗಿಯೂ ನೋಡದೆ, ನಾಲಿಗೆಯ ತುದಿಯನ್ನು ಕಚ್ಚಿ ಹಿಡಿದು, ಮೊದಲು ಒಂದು ಮನೆ, ಮನೆಯ ಪಕ್ಕ ತೆಂಗಿನ ಮರ, ಮೇಲೆ ನೀಲಿ ಮೋಡ ಎಂದು ಬರೆಯುತ್ತ ಹೋಗಿದ್ದಳು. ಬ್ರಶ್ಶಿನಲ್ಲಿ ನೀರು ಜಾಸ್ತಿಯಾಗಿತ್ತು. ಮೋಡದ ನೀಲಿ ಸರಕ್ಕನೆ ಕೆಳಗಿಳಿದು, ಆಗಷ್ಟೇ ಕೆಂಪು ಬಳಿದಿದ್ದ ಹೆಂಚಿನ ಮಾಡಿನ ಮೇಲೆ ಹರಡಿ, ಅಲ್ಲೊಂದು ಕಂದು ಮಡುವಾಗಿ ನಿಂತಿತು.

ನಾನು "ಅಯ್ಯೋ" ಎಂದೆ.

ಬೈದದ್ದಲ್ಲ. ಹಾಲು ಉಕ್ಕಿದಾಗ, ಕೈಯಿಂದ ಲೋಟ ಜಾರಿದಾಗ ಬಾಯಿಗೆ ತಾನಾಗಿ ಬರುವ ಅಯ್ಯೋ ಅದು. ಅವಳು ಹಾಳೆಯನ್ನು ನೋಡಲಿಲ್ಲ, ಮೊದಲು ನನ್ನ ಮುಖ ನೋಡಿದಳು. ಆಮೇಲೆ ಹಾಳೆಯನ್ನು ಬೋರಲು ಹಾಕಿ, "ಬೇರೆ ಹಾಳೆ ಕೊಡು ದೊಡ್ಡಮ್ಮ" ಎಂದಳು. ಕೊಟ್ಟೆ. ಎರಡನೆಯದರಲ್ಲಿ ಗೋಡೆ ಸೊಟ್ಟಗಾಯಿತೆಂದು ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆಯೇ ಹರಿಯಿತು. ಮೂರನೆಯದರ ಮುಂದೆ ಪೆನ್ಸಿಲ್ ಹಿಡಿದು ಸುಮ್ಮನೆ ಕೂತಳು. ಕೊನೆಗೆ ಹಾಳೆ, ಪೆನ್ಸಿಲ್ ಎರಡನ್ನೂ ನನ್ನ ಕಡೆ ತಳ್ಳಿದಳು.

"ನೀನೇ ಬರ್ಕೊಡು. ನಾನು ಬಣ್ಣ ತುಂಬ್ತೀನಿ."

ಈ ಮಾತನ್ನು ನಾನು ಮೊದಲೂ ಕೇಳಿದ್ದೆ. ಬೇರೆ ಮಗುವಿನ ಬಾಯಲ್ಲಿ, ಬಹಳ ವರ್ಷಗಳ ಹಿಂದೆ. ಆಗ ಅದರ ಅರ್ಥ ನನಗೆ ಆಗಿರಲಿಲ್ಲ. ಈ ಬರಹ ಆ ಮಗುವಿನ ಬಗ್ಗೆ. ಮಗುವಿನ ತಪ್ಪಿನ ಮುಂದೆ ದೊಡ್ಡವರಾದ ನಾವು ಏನು ಮಾಡಬೇಕು ಎಂಬ ಪ್ರಶ್ನೆಯ ಬಗ್ಗೆ.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವಳು. ಮಲೆನಾಡಿನ ಒಂದು ಸಣ್ಣ ಊರಿನ ಶಾಲೆ. ಚಿತ್ರಕಲೆಗೆ ಬೇರೆ ಮೇಷ್ಟ್ರು ಇರಲಿಲ್ಲ. ಕನ್ನಡ, ಗಣಿತ, ಪರಿಸರ ಅಧ್ಯಯನದ ಜೊತೆ ಚಿತ್ರವೂ ನನ್ನದೇ. ವೇಳಾಪಟ್ಟಿಯಲ್ಲಿ ವಾರಕ್ಕೊಂದು ಪೀರಿಯಡ್ ಇತ್ತು. ಲೆಕ್ಕ ಹಿಂದೆ ಬಿದ್ದಾಗಲೆಲ್ಲ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೂ ಕಲೆ ಕಡ್ಡಾಯ ವಿಷಯವಾಗಿರಬೇಕು ಎಂದು ಹೇಳಿತು. ಕಾಗದದ ಮೇಲೆ ಹೇಳಿದ್ದು ತರಗತಿಯ ಕೋಣೆಯೊಳಗೆ ಎಷ್ಟು ಬರುತ್ತದೆ ಎಂಬುದು ಬಾಗಿಲಲ್ಲಿ ನಿಂತ ಟೀಚರ ಮೇಲೆ ಹೋಗುತ್ತದೆ. ಆ ಬಾಗಿಲಲ್ಲಿ ನಾನೇ ನಿಂತಿದ್ದೆ.

ಮೂರನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಓದಿನಲ್ಲಿ ಹಿಂದೆ, ಚಿತ್ರದಲ್ಲಿ ಮುಂದೆ. ಬಳಪ, ಇದ್ದಿಲು, ಇಟ್ಟಿಗೆ ಚೂರು, ಏನು ಸಿಕ್ಕರೂ ಬರೆಯುತ್ತಿದ್ದ. ಶಾಲೆಗಳ ನಡುವಿನ ಚಿತ್ರಸ್ಪರ್ಧೆಯೊಂದಕ್ಕೆ ಅವನ ಹೆಸರು ಕೊಟ್ಟೆ. ವಿಷಯ 'ನಮ್ಮ ಹಳ್ಳಿ'. ಶಾಲೆಯಲ್ಲೇ ಬರೆಸಿ ಕಳಿಸಬೇಕಿತ್ತು. ಪೇಟೆಯಿಂದ ದಪ್ಪನೆಯ ಡ್ರಾಯಿಂಗ್ ಶೀಟ್ ತರಿಸಿದ್ದೆವು. ಒಂದೇ ಒಂದು.

ಅವನು ತನ್ನ ಮನೆಯ ಬಾವಿ ಬರೆದ. ಬಾವಿ ಎಂದರೆ ಪೂರ್ತಿ ದುಂಡಗಿನ ಒಂದು ವೃತ್ತ. ವೃತ್ತದೊಳಗೆ ನೀಲಿ ನೀರು. ನೀರಿನಲ್ಲಿ ನಾಲ್ಕೂ ಕಾಲು ಚಾಚಿದ ಒಂದು ಹಸಿರು ಕಪ್ಪೆ. ಪಕ್ಕದಲ್ಲಿ ರಾಟೆಯ ಎರಡು ಕಂಬಗಳು ನೆಟ್ಟಗೆ ನಿಂತಿದ್ದವು. ಕಂಬದ ಪಕ್ಕ ಅವನ ಅಜ್ಜಿ, ಕೊಡಪಾನ ಹಿಡಿದು ನಿಂತವಳು. ಅಂದರೆ ಬಾವಿಯನ್ನು ಅವನು ಆಕಾಶದಿಂದ ನೋಡಿದ್ದ, ಅಜ್ಜಿಯನ್ನು ಅಂಗಳದಿಂದ.

"ಬಾವಿ ಹೀಗೆ ಕಾಣೋದಿಲ್ಲ ಕಣೋ" ಎಂದೆ. ಶಾಲೆಯ ನೀರಿನ ಕೊಡವನ್ನು ಮೇಜಿನ ಮೇಲಿಟ್ಟು, ದೂರದಿಂದ ನೋಡಿದರೆ ಅದರ ಬಾಯಿ ಮೊಟ್ಟೆಯಾಕಾರದಲ್ಲಿ ಚಪ್ಪಟೆಯಾಗಿ ಕಾಣುವುದನ್ನು ತೋರಿಸಿದೆ. ಪಾಠ ಸರಿಯಾಗಿಯೇ ಇತ್ತು. ಅಷ್ಟಕ್ಕೆ ನಿಲ್ಲಿಸಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ನಾನು ರಬ್ಬರ್ ತೆಗೆದುಕೊಂಡು ಅವನ ಬಾವಿಯನ್ನು ಅಳಿಸಿ, ಮೊಟ್ಟೆಯಾಕಾರದ ಬಾಯಿ, ಅದರ ಕೆಳಗೆ ಕಲ್ಲಿನ ಕಟ್ಟೆ ಬರೆದೆ. ಕೈ ಹೇಗೂ ಇಳಿದಿತ್ತು, ಅಜ್ಜಿಯ ತೋಳನ್ನೂ ಸ್ವಲ್ಪ ಗಿಡ್ಡ ಮಾಡಿದೆ. ಅವನು ನನ್ನ ಗೆರೆಗಳ ಮೇಲೆ ಕ್ರೆಯಾನ್ಸ್ ಎಳೆದ. ನಡುವೆ ಒಮ್ಮೆ ತಲೆ ಎತ್ತಿ ಕೇಳಿದ:

"ಟೀಚರ್, ಕಪ್ಪೆ ಎಲ್ಲಿ ಹೋಯ್ತು?"

"ಪಕ್ಕದಿಂದ ನೋಡಿದ್ರೆ ಬಾವಿಯೊಳಗಿನ ಕಪ್ಪೆ ಹೇಗೋ ಕಾಣತ್ತೆ?" ಎಂದು ನಕ್ಕೆ. ತರಗತಿಯೂ ನಕ್ಕಿತು. ಅವನೂ ನಕ್ಕ.

ಚಿತ್ರಕ್ಕೆ ಎರಡನೇ ಬಹುಮಾನ ಬಂತು. ಒಂದು ಪ್ರಮಾಣಪತ್ರ, ಒಂದು ಕಂಪಾಸ್ ಬಾಕ್ಸ್. ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರು ಚಪ್ಪಾಳೆಯೂ ಆಯಿತು. ಮಾರನೇ ದಿನ ಅವನು ನನ್ನ ಮೇಜಿನ ಹತ್ತಿರ ಬಂದು ಕಂಪಾಸ್ ಬಾಕ್ಸನ್ನು ಅಲ್ಲಿಟ್ಟ. "ಇದು ನಿಮ್ದು ಟೀಚರ್" ಎಂದ. ಮುನಿಸಿನಿಂದ ಹೇಳಿದ್ದಲ್ಲ. ಬೇರೆಯವರ ಪೆನ್ನು ತನ್ನ ಚೀಲದಲ್ಲಿ ಸಿಕ್ಕಿದರೆ ಮಕ್ಕಳು ತಂದು ಕೊಡುತ್ತಾರಲ್ಲ, ಹಾಗೆ. ನಾನು ಅವನ ವಿನಯವನ್ನು ಮೆಚ್ಚಿ ಅದನ್ನು ವಾಪಸು ಅವನ ಕೈಗೆ ಕೊಟ್ಟೆ. ಆಮೇಲೆ ಚಿತ್ರದ ಪೀರಿಯಡ್ ಬಂದಾಗಲೆಲ್ಲ ಅವನು ಹಾಳೆ ಮುಂದಿಟ್ಟುಕೊಂಡು ಕಾಯುತ್ತಿದ್ದ. "ಬರಿಯೋ" ಎಂದರೆ, "ನೀವೇ ಬರ್ಕೊಡಿ ಟೀಚರ್, ಬಣ್ಣ ತುಂಬ್ತೀನಿ" ಎನ್ನುತ್ತಿದ್ದ. ನಾನು ಬರೆದುಕೊಡುತ್ತಿದ್ದೆ.

ಎಷ್ಟೋ ವರ್ಷಗಳ ಮೇಲೆ ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಕಲಾಶಿಕ್ಷಕರ ವಿಚಾರಗಳ ಪರಿಚಯವಾಯಿತು. ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು. ಮಕ್ಕಳ ಚಿತ್ರಗಳು ವಯಸ್ಸಿನೊಂದಿಗೆ ಹೇಗೆ ಬದಲಾಗುತ್ತವೆ ಎಂಬುದರ ಕುರಿತ ಅವರ ಪುಸ್ತಕ 1947ರಲ್ಲಿ ಬಂತು. ಸುಮಾರು ಏಳರಿಂದ ಒಂಬತ್ತು ವರ್ಷದ ಮಗು ಕಣ್ಣಿಗೆ ಕಂಡದ್ದಕ್ಕಿಂತ ತನಗೆ ಗೊತ್ತಿರುವುದನ್ನು ಬರೆಯುತ್ತದೆ ಎಂಬುದು ಅವರ ಮುಖ್ಯ ಗಮನಿಕೆಗಳಲ್ಲಿ ಒಂದು. ಮನೆಯ ಗೋಡೆಯನ್ನು ಪಾರದರ್ಶಕ ಮಾಡಿ ಒಳಗಿನ ಒಲೆಯನ್ನು ತೋರಿಸುವುದು, ಒಂದೇ ಹಾಳೆಯಲ್ಲಿ ಮೇಲಿನ ನೋಟವನ್ನೂ ಪಕ್ಕದ ನೋಟವನ್ನೂ ಕೂಡಿಸುವುದು ಆ ವಯಸ್ಸಿಗೆ ಸಹಜ. ಮೊದಲೇ ಗೆರೆ ಹಾಕಿಟ್ಟ, ಬರಿ ಬಣ್ಣ ತುಂಬುವ ಪುಸ್ತಕಗಳನ್ನು ಅವರು ಕಟುವಾಗಿ ವಿರೋಧಿಸಿದ್ದರು. ಬೇರೆಯವರ ಗೆರೆಗೆ ಬಣ್ಣ ತುಂಬಿ ತುಂಬಿ ಮಗು ತನ್ನ ಗೆರೆಯ ಮೇಲೆ ನಂಬಿಕೆ ಕಳೆದುಕೊಳ್ಳುತ್ತದೆ ಎಂಬುದು ಅವರ ಆತಂಕ. ಇದನ್ನು ಓದುವಾಗ ನನಗೆ ಅಮೆರಿಕದ ಮಕ್ಕಳು ನೆನಪಾಗಲಿಲ್ಲ. ಕಂಪಾಸ್ ಬಾಕ್ಸ್ ನೆನಪಾಯಿತು.

ಆಮೇಲೆ ಇನ್ನೊಂದು ಚಿತ್ರ ಕಣ್ಣಿಗೆ ಬಿತ್ತು. ಪ್ರಾಚೀನ ಈಜಿಪ್ಟಿನ ನೆಬಾಮುನ್ ಎಂಬ ಅಧಿಕಾರಿಯ ಸಮಾಧಿಯ ಗೋಡೆಯಲ್ಲಿ ಬರೆದದ್ದು, ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಮೂರು ಸಾವಿರ ವರ್ಷಗಳಿಗೂ ಹಳೆಯದು. ಅದರಲ್ಲಿ ಒಂದು ತೋಟ, ನಡುವೆ ಕೊಳ. ಕೊಳವನ್ನು ಮೇಲಿನಿಂದ ನೋಡಿದಂತೆ ಆಯತಾಕಾರದಲ್ಲಿ ಬರೆದಿದ್ದಾರೆ. ಅದರೊಳಗಿನ ಮೀನು, ಬಾತುಕೋಳಿಗಳನ್ನು ಪಕ್ಕದಿಂದ ನೋಡಿದಂತೆ ಬರೆದಿದ್ದಾರೆ. ಸುತ್ತಲಿನ ಮರಗಳೂ ಹಾಗೆಯೇ. ನಮ್ಮ ರಾಜಸ್ಥಾನಿ ಕಿರುಚಿತ್ರಗಳಲ್ಲೂ ಹೀಗೆ ಎರಡು ಮೂರು ನೋಟಗಳು ಒಂದೇ ಅಂಗಳದಲ್ಲಿ ಕೂಡಿಕೊಂಡು ಇರುತ್ತವೆ. ಆ ಕಲಾವಿದರಿಗೆ ಕಣ್ಣಿಗೆ ಕಾಣುವಂತೆ ಬರೆಯಲು ಬರುತ್ತಿರಲಿಲ್ಲ ಎನ್ನುವುದು ಸರಿಯಾದ ಉತ್ತರವಲ್ಲ. ಕೊಳದಲ್ಲಿ ಮೀನಿದೆ ಎಂದು ತೋರಿಸಬೇಕಾಗಿತ್ತು. ತೋರಿಸಲು ಅದೇ ದಾರಿ. ನನ್ನ ವಿದ್ಯಾರ್ಥಿಯೂ ಬಾವಿಯಲ್ಲಿ ಕಪ್ಪೆ ಇದೆ ಎಂದು ಹೇಳುತ್ತಿದ್ದ. ನಾನು ತಿದ್ದಿದ ಬಾವಿ ನೋಡಲು ಸರಿಯಾಗಿತ್ತು, ಆದರೆ ಅದರಲ್ಲಿ ಕಪ್ಪೆ ಇರಲಿಲ್ಲ. ಅವನಿಗೆ ಹೇಳಬೇಕಾಗಿದ್ದದ್ದು ಆ ಕಪ್ಪೆಯೇ ಆಗಿತ್ತೋ ಏನೋ.

ಚಿತ್ರದಲ್ಲಿ 'ತಪ್ಪು' ಎಂದರೆ ಏನು ಎಂಬ ಪ್ರಶ್ನೆ ಇಲ್ಲಿಂದ ಹುಟ್ಟಿತು. ಏಳು ಎಂಟಲಿ 54 ಎಂದು ಮಗು ಬರೆದರೆ ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತೇನೆ. ಅದರಲ್ಲಿ ಅನ್ಯಾಯವೇನೂ ಇಲ್ಲ. 56 ಎಂಬ ಉತ್ತರ ನನ್ನದೂ ಅಲ್ಲ, ಮಗುವಿನದೂ ಅಲ್ಲ. ನಮ್ಮಿಬ್ಬರ ಹೊರಗೆ ಇದೆ. ಚಿತ್ರಕ್ಕೆ ಹಾಗೆ ಹೊರಗಿನ ಉತ್ತರ ಇಲ್ಲ. ಒಂದು ಗೆರೆ ತಪ್ಪೋ ಸರಿಯೋ ಎಂದು ಹೇಳಬೇಕಾದರೆ, ಎಳೆದವರು ಏನು ಎಳೆಯಲು ಹೊರಟಿದ್ದರು ಎಂದು ಗೊತ್ತಿರಬೇಕು. ಅದು ಗೊತ್ತಿರುವುದು ಮಗುವಿಗೆ ಮಾತ್ರ. ಎಷ್ಟೋ ಸಲ ಅದಕ್ಕೂ ಎಳೆಯುತ್ತ ಎಳೆಯುತ್ತಲೇ ಗೊತ್ತಾಗುತ್ತಿರುತ್ತದೆ. ಹಾಗಾಗಿ ಚಿತ್ರದಲ್ಲಿ ತಪ್ಪನ್ನು ಘೋಷಿಸುವ ಹಕ್ಕು ಬರೆದವರಿಗೆ ಮೊದಲು ಸೇರಿದ್ದು ಎಂದು ನನಗೆ ಅನ್ನಿಸುತ್ತದೆ. ನಾನು ಆ ಹುಡುಗನಿಂದ ಕಿತ್ತುಕೊಂಡದ್ದು ಒಂದು ವೃತ್ತವನ್ನಲ್ಲ, ಆ ಹಕ್ಕನ್ನು. ಬಹುಮಾನ ಬಂದಾಗ ಅದನ್ನು ಅವನು ಎಷ್ಟು ಪ್ರಾಮಾಣಿಕವಾಗಿ ಲೆಕ್ಕ ಹಾಕಿದ ನೋಡಿ: ಬಾವಿ ಟೀಚರದ್ದು, ಆದ್ದರಿಂದ ಕಂಪಾಸ್ ಬಾಕ್ಸೂ ಟೀಚರದ್ದು.

ಹಾಗೆಂದು ಎಲ್ಲ ತಪ್ಪೂ ಒಂದೇ ಜಾತಿಯದಲ್ಲ. ಬಾವಿಯದ್ದು ತಪ್ಪೇ ಅಲ್ಲ, ದೊಡ್ಡವರ ರೂಢಿಗೆ ಹೊಂದದ ಇನ್ನೊಂದು ನೋಟ. ಅಲ್ಲಿ ನಾವು ಮಾಡಬೇಕಾದ ಕೆಲಸ ಅರ್ಥ ಮಾಡಿಕೊಳ್ಳುವುದು, ಅಷ್ಟೇ. ತಂಗಿಯ ಮಗಳ ನೀಲಿ ಹರಿದದ್ದು ಆಕಸ್ಮಿಕ. ಅವಳು ಬಯಸಿದ್ದೂ ಅಲ್ಲ, ತಡೆಯಬಹುದಾಗಿದ್ದದ್ದೂ ಅಲ್ಲ. ಅಲ್ಲಿ ಮುಂದೇನು ಎಂದು ಅವಳೇ ತೀರ್ಮಾನಿಸಬೇಕು. ಮೂರನೆಯದು, ಮಗು ಒಂದನ್ನು ಬಯಸಿ, ಅದು ಕೈಗೆ ಬರದೆ ಹೋಗುವುದು. "ಕುದುರೆ ಬರೀಬೇಕಿತ್ತು, ನಾಯಿ ಆಯ್ತು" ಎಂದು ಮಗು ತಾನೇ ಬಂದು ಅಳುತ್ತದಲ್ಲ, ಅದು. ಅಲ್ಲಿ "ಪರವಾಗಿಲ್ಲ ಬಿಡು, ಹೇಗೆ ಬರೆದರೂ ಚಂದವೇ" ಎನ್ನುವುದು ಮೋಸ. ಮಗುವಿಗೆ ಕುದುರೆ ಬೇಕಾಗಿದೆ. ಕುದುರೆಯ ಮೊಣಕಾಲು ಎಲ್ಲಿ ಮಡಿಯುತ್ತದೆ ಎಂದು ತೋರಿಸುವುದು ಆಗ ನಮ್ಮ ಕರ್ತವ್ಯ. ಸ್ವಾತಂತ್ರ್ಯದ ಹೆಸರಿನಲ್ಲಿ ಕೌಶಲವನ್ನು ಬಚ್ಚಿಟ್ಟರೆ ಅದೂ ಅನ್ಯಾಯವೇ. ತೋರಿಸುವುದಾದರೆ ಬೇರೆ ಹಾಳೆಯ ಮೇಲೆ ತೋರಿಸಬೇಕು. ಮಗುವಿನ ಹಾಳೆಯ ಮೇಲೆ ನಮ್ಮ ಪೆನ್ಸಿಲ್ ಇಳಿಯಬಾರದು. ಇಷ್ಟು ಸಣ್ಣ ನಿಯಮ ನನಗೆ ಆಗ ಗೊತ್ತಿದ್ದರೆ ಸಾಕಿತ್ತು.

ಇಲ್ಲಿ ಹಿರಿಯರ ಒಂದು ಆಕ್ಷೇಪ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಕೇಳುತ್ತಾರೆ. ಸಂಗೀತದಲ್ಲಿ ಶ್ರುತಿ ತಪ್ಪಿದರೆ ಗುರು ನಿಲ್ಲಿಸುತ್ತಾರೆ. ಯಕ್ಷಗಾನದಲ್ಲಿ ಹೆಜ್ಜೆ ತಪ್ಪಿದರೆ ಮತ್ತೆ ಮೊದಲಿನಿಂದ. ಮೈಸೂರು ಶೈಲಿಯ ಚಿತ್ರ ಕಲಿಯುವವರು ಗೆರೆಯನ್ನೇ ವರ್ಷಗಟ್ಟಲೆ ಎಳೆಯುತ್ತಾರೆ. ನಮ್ಮ ಕಲೆಗಳೆಲ್ಲ ತಿದ್ದಿಸಿಕೊಂಡೇ ಬೆಳೆದವು, ತಪ್ಪನ್ನು ಮುದ್ದಿಸುವುದು ಈಚಿನ ಗೀಳು ಎನ್ನುತ್ತಾರೆ.

ಈ ಮಾತಿಗೆ ನಾನು ಉತ್ತರ ಹುಡುಕಿದ್ದು ನಮ್ಮಜ್ಜಿಯ ಅಂಗಳದಲ್ಲಿ. ಅಜ್ಜಿ ನನಗೆ ಎಳೆ ರಂಗೋಲಿ ಕಲಿಸಿದವಳು. ರಂಗೋಲಿಯಷ್ಟು ಕಟ್ಟುನಿಟ್ಟಿನ ಚಿತ್ರ ಇನ್ನೊಂದಿಲ್ಲ. ಚುಕ್ಕಿ ಲೆಕ್ಕಕ್ಕೆ ಸರಿಯಾಗಿ ಬೀಳಬೇಕು, ಸಾಲು ಸಮ ಇರಬೇಕು, ಎಳೆ ಪ್ರತಿ ಚುಕ್ಕಿಯನ್ನೂ ಬಳಸಿ ಹೊರಟ ಜಾಗಕ್ಕೇ ಬಂದು ಕೂಡಬೇಕು. ಆರು ವರ್ಷದ ನನ್ನ ಎಳೆ ಎಲ್ಲೋ ದಾರಿ ತಪ್ಪಿ ಒಂದು ಚುಕ್ಕಿ ಹೊರಗೇ ಉಳಿದುಬಿಡುತ್ತಿತ್ತು. ಅಜ್ಜಿ ಅಯ್ಯೋ ಎಂದದ್ದು ನನಗೆ ನೆನಪಿಲ್ಲ. "ಆ ಚುಕ್ಕಿಗೊಂದು ಹೂವು ಬಿಡಿಸು" ಎನ್ನುತ್ತಿದ್ದಳು. ಅದೂ ಆಗದಿದ್ದರೆ, "ಇರಲಿ ಬಿಡೇ, ನಾಳೆ ಬೆಳಿಗ್ಗೆ ಗುಡಿಸ್ತೀವಲ್ಲ" ಎನ್ನುತ್ತಿದ್ದಳು.

ಆ ಮಾತಿನಲ್ಲಿ ಎಷ್ಟು ವಿವೇಕ ಇತ್ತು ಎಂದು ತಿಳಿಯಲು ನನಗೆ ಅರ್ಧ ಆಯುಷ್ಯ ಬೇಕಾಯಿತು. ಅಜ್ಜಿ ಧೈರ್ಯದ ಉಪದೇಶವನ್ನೇನೂ ಕೊಟ್ಟವಳಲ್ಲ. ರಂಗೋಲಿ ಎಂಬ ಏರ್ಪಾಟಿನಲ್ಲೇ ಧೈರ್ಯ ಇತ್ತು. ಹಿಡಿ ಪುಡಿ, ದಿನಾ ಸಗಣಿನೀರು ಚಿಮುಕಿಸಿದ ಹೊಸ ಅಂಗಳ, ದಿನಾ ಇನ್ನೊಂದು ಅವಕಾಶ. ನಿಯಮ ಕಟ್ಟುನಿಟ್ಟು, ತಪ್ಪು ಅಗ್ಗ. ನಾವು ಬಳಸುತ್ತಿದ್ದ ಸ್ಲೇಟೂ ಹಾಗೆಯೇ ಇತ್ತು. ಬಳಪದಲ್ಲಿ ಬರೆದು, ನೀರುಕಡ್ಡಿಯ ದಂಟಿನಿಂದ ಒರೆಸಿದರೆ ಮತ್ತೆ ಕರಿ ಹಲಗೆ. ಸಂಗೀತದ ಗುರುವಿನ ಮುಂದೆಯೂ ಹಾಗೇ. ತಪ್ಪಿದ ಸ್ವರವನ್ನು ಮತ್ತೆ ಹಾಡಲು ನಾಳೆ ಬೆಳಿಗ್ಗೆ ಇದೆ, ನಾಡಿದ್ದೂ ಇದೆ. ಮಗುವಿನ ಕೈ ನಡುಗುವುದು ನಿಯಮದ ಭಾರಕ್ಕಲ್ಲ, ಅವಕಾಶದ ಬಡತನಕ್ಕೆ. ನಾನು ಆ ಹುಡುಗನ ಮುಂದೆ ಇಟ್ಟದ್ದೇನು? ಒಂದೇ ಶೀಟು, ಒಂದೇ ಸಲ, ಬಹುಮಾನದ ಆಸೆ, ಜೊತೆಗೆ ಬೆನ್ನ ಹಿಂದೆ ನಿಂತ ನಾನು. ಆ ಏರ್ಪಾಟಿನಲ್ಲಿ 'ಹೆದರಬೇಡ, ಮನಸ್ಸಿಗೆ ಬಂದದ್ದು ಬರಿ' ಎಂಬ ಮಾತಿಗೆ ಬೆಲೆಯೇ ಇಲ್ಲ.

ತಪ್ಪಿನ ಬಗ್ಗೆ ಮಾತಾಡುವಾಗ ರವೀಂದ್ರನಾಥ ಟಾಗೋರರ ಉದಾಹರಣೆ ಬಂದೇ ಬರುತ್ತದೆ. ಅವರ ಚಿತ್ರಗಳು ಹುಟ್ಟಿದ್ದು ಹಸ್ತಪ್ರತಿಗಳಲ್ಲಿ ಹೊಡೆದುಹಾಕಿದ ಪದಗಳಿಂದ. ಬೇಡವೆಂದು ಕಾಟು ಹೊಡೆದ ಸಾಲುಗಳು ಹಾಳೆಯ ಮೇಲೆ ಅನಾಥವಾಗಿ ಬಿದ್ದಿರುವುದನ್ನು ಅವರಿಗೆ ನೋಡಲಾಗುತ್ತಿರಲಿಲ್ಲ. ಒಂದು ಕಾಟಿನಿಂದ ಇನ್ನೊಂದಕ್ಕೆ ಗೆರೆ ಎಳೆದು ಜೋಡಿಸುತ್ತ ಹೋದರೆ ಅಲ್ಲೊಂದು ಹಕ್ಕಿಯೋ, ಹೆಸರಿಲ್ಲದ ಪ್ರಾಣಿಯೋ ಎದ್ದು ಬರುತ್ತಿತ್ತು. 1924ರ ಸುಮಾರಿಗೆ, 'ಪೂರಬಿ' ಸಂಕಲನದ ಹಸ್ತಪ್ರತಿಯಲ್ಲಿ ಇಂಥವು ತುಂಬಿಕೊಂಡವು. ಆಗ ಅವರಿಗೆ ಅರವತ್ತು ದಾಟಿತ್ತು. ಅರ್ಜೆಂಟೀನಾದಲ್ಲಿ ಆತಿಥ್ಯ ನೀಡಿದ್ದ ಲೇಖಕಿ ವಿಕ್ಟೋರಿಯಾ ಒಕಾಂಪೊ ಅವುಗಳನ್ನು ಕಂಡು ಬೆರಗಾದರು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಮೊದಲ ಚಿತ್ರಪ್ರದರ್ಶನ ಆಗುವಲ್ಲಿ ಆಕೆಯ ಪಾತ್ರ ದೊಡ್ಡದು. ಟಾಗೋರರು ಬಿಟ್ಟುಹೋದ ಚಿತ್ರಗಳು ಎರಡು ಸಾವಿರಕ್ಕೂ ಹೆಚ್ಚು.

ಈ ಕತೆ ನನಗೂ ಇಷ್ಟ. ಆದರೆ ಮಕ್ಕಳಿಗೆ ಇದನ್ನು ಹೇಳುವಾಗ ಒಂದು ಅಪಾಯ ಇದೆ. ತಪ್ಪಿನಿಂದ ದೊಡ್ಡ ಕಲೆ ಹುಟ್ಟುತ್ತದೆ, ಆದ್ದರಿಂದ ತಪ್ಪು ಮಾಡು ಎಂದಂತಾಗುತ್ತದೆ. ಅದು ಬಹುಮಾನವನ್ನು ಇನ್ನೊಂದು ಬಾಗಿಲಿನಿಂದ ಒಳಗೆ ತಂದಂತೆ. ತಪ್ಪು ಕೂಡ ಸಫಲವಾಗಬೇಕು ಎಂಬ ಹೊಸ ಭಾರವನ್ನು ಮಗುವಿನ ಹೆಗಲ ಮೇಲೆ ಇಟ್ಟಂತೆ. ನಿಜ ಏನೆಂದರೆ, ಚೆಲ್ಲಿದ ಬಣ್ಣಗಳಲ್ಲಿ ಹೆಚ್ಚಿನವು ಚೆಲ್ಲಿದ ಬಣ್ಣಗಳಾಗಿಯೇ ಉಳಿಯುತ್ತವೆ. ಅವುಗಳಿಂದ ಹಕ್ಕಿ ಏಳುವುದಿಲ್ಲ. ನೂರು ಹಾಳೆ ಬರೆದ ಮಗುವಿನ ತೊಂಬತ್ತು ಹಾಳೆ ರದ್ದಿಗೆ ಹೋಗುತ್ತವೆ. ನೈತಿಕ ಪ್ರಶ್ನೆ ಇರುವುದು ಆ ತೊಂಬತ್ತರಲ್ಲಿ. ಏನೂ ಆಗದ, ಯಾರಿಗೂ ತೋರಿಸಲಾಗದ, ಬರಿದೇ ಕೆಟ್ಟುಹೋದ ಚಿತ್ರದ ಮುಂದೆ ಕೂತ ಮಗುವಿನ ಜೊತೆ ನಾವು ಮುಖ ಸಿಂಡರಿಸದೆ ಕೂರಬಲ್ಲೆವೇ? ಏನನ್ನೂ ಗಳಿಸಿಕೊಡದ ತಪ್ಪಿಗೆ ಮನೆಯಲ್ಲಿ ಜಾಗ ಇದೆಯೇ? ಇದೆ ಎಂದಾದರೆ ಮಾತ್ರ ಮಗು ಪ್ರಯೋಗ ಮಾಡುತ್ತದೆ. ಫಲ ಖಚಿತವಿದ್ದರೆ ಅದಕ್ಕೆ ಪ್ರಯೋಗ ಎಂಬ ಹೆಸರೇಕೆ?

ಟಾಗೋರರ ಕತೆಯಿಂದ ನಾನು ಕಲಿತದ್ದು ಬೇರೆ. ಅವರು ಕಾಟನ್ನು ಅಳಿಸಲಿಲ್ಲ. ಅದನ್ನು ಅಲ್ಲೇ ಬಿಟ್ಟು, ಅದರ ಪಕ್ಕದಲ್ಲಿ ಕೂತು, ಅದನ್ನು ನೋಡಿದರು. ನೋಡುವುದಕ್ಕೆ ಅವರಿಗೆ ಬಿಡುವು ಇತ್ತು. ಪಕ್ಕದಲ್ಲಿ ಅಯ್ಯೋ ಎನ್ನುವವರು ಇರಲಿಲ್ಲ.

ಮಳೆಯ ಆ ಭಾನುವಾರದ ಮೇಲೆ ನಾನು ಮೊದಲು ಮಾಡಿದ್ದು ಇನ್ನೊಂದು ತಪ್ಪು. ಅಯ್ಯೋ ಎಂದದ್ದರ ಪ್ರಾಯಶ್ಚಿತ್ತವಾಗಿ ತಂಗಿಯ ಮಗಳು ಏನು ಬರೆದರೂ "ಸೂಪರ್", "ತುಂಬಾ ಚೆನ್ನಾಗಿದೆ" ಎನ್ನತೊಡಗಿದೆ. ಮೂರು ವಾರದ ನಂತರ ಅವಳು ಒಂದು ಹಾಳೆ ತಂದು ತೋರಿಸಿದಳು. ನಾನು ಸೊಪ್ಪು ಹೆಚ್ಚುತ್ತಿದ್ದವಳು ತಲೆ ಎತ್ತಿ "ಎಷ್ಟ್ ಚೆನ್ನಾಗಿದೆ!" ಎಂದೆ. "ನಾನು ಇನ್ನೂ ಏನೂ ಬರ್ದಿಲ್ಲ, ಬಣ್ಣ ಬರತ್ತಾ ಅಂತ ನೋಡಿದ್ದು" ಎಂದಳು. ಅವಳ ದನಿಯಲ್ಲಿ ಬೇಸರ ಇತ್ತು. ಅವಳಿಗೆ ಗೊತ್ತಾಗಿತ್ತು: ದೊಡ್ಡಮ್ಮ ನೋಡುತ್ತಿಲ್ಲ. ನೋಡದೆ ಬೈಯುವುದಕ್ಕೂ ನೋಡದೆ ಹೊಗಳುವುದಕ್ಕೂ ಅಂತರ ಕಡಿಮೆ. ಎರಡರಲ್ಲೂ ಮಗು ಹಾಳೆಯನ್ನು ಬಿಟ್ಟು ನಮ್ಮ ಮುಖವನ್ನೇ ನೋಡಲು ಕಲಿಯುತ್ತದೆ.

ಹಾಗಾಗಿ ಮಾತು ಕಡಿಮೆ ಮಾಡಿ ಏರ್ಪಾಟು ಬದಲಾಯಿಸಿದೆ. ಬಿಳಿಯ ಡ್ರಾಯಿಂಗ್ ಪುಸ್ತಕವನ್ನು ಎತ್ತಿಟ್ಟು ಹಳೆಯ ಕ್ಯಾಲೆಂಡರಿನ ಹಾಳೆಗಳು, ಮದುವೆ ಕರೆಯೋಲೆಗಳ ಹಿಂಬದಿ, ದಿನಪತ್ರಿಕೆ ಎಲ್ಲ ಒಂದು ಡಬ್ಬಿಗೆ ತುಂಬಿಟ್ಟೆ. ಎಷ್ಟು ಬೇಕಾದರೂ ತೆಗೆದುಕೊಳ್ಳಬಹುದು, ಯಾರೂ ಕೇಳುವುದಿಲ್ಲ. ರಬ್ಬರ್ ಡಬ್ಬಿಯಲ್ಲಿ ಇಲ್ಲ. ಸ್ಲೇಟು ಒರೆಸುವುದು ಹೊಸದಾಗಿ ಶುರು ಮಾಡಲು. ರಬ್ಬರ್ ಒಂದೇ ಗೆರೆಯಲ್ಲಿ ಮಗುವನ್ನು ಸಿಕ್ಕಿಸಿಬಿಡುತ್ತದೆ. ಬಣ್ಣಕ್ಕೆ ಅಡುಗೆಮನೆ, ಹಿತ್ತಲು ಎರಡೂ ಇದ್ದವು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವುದನ್ನು ತೋರಿಸಿದೆ. ಆರತಿಯ ಓಕುಳಿ ನೀರು ಅವಳಿಗೆ ಗೊತ್ತಿತ್ತು, ಅದನ್ನು ತಾನೇ ಮಾಡಬಹುದೆಂದು ಗೊತ್ತಿರಲಿಲ್ಲ. ಬಸಳೆ ಹಣ್ಣು ಹಿಂಡಿದರೆ ನೇರಳೆ ಶಾಯಿ. ಕೆಂಪು ದಾಸವಾಳದ ಎಸಳನ್ನು ಕಾಗದಕ್ಕೆ ಉಜ್ಜಿದರೆ ಕೆನ್ನೀಲಿ. ಅದರ ಮೇಲೆ ನಿಂಬೆರಸದ ಹನಿ ಬಿದ್ದರೆ ಅಲ್ಲಿಗಲ್ಲಿಗೆ ಗುಲಾಬಿ. ಇವುಗಳಲ್ಲಿ ಯಾವುದೂ ಹೇಳಿದ ಮಾತು ಕೇಳುವುದಿಲ್ಲ. ಇವತ್ತಿನ ಬಣ್ಣ ನಾಳೆ ಬರುವುದಿಲ್ಲ. ಹಾಗಿರುವಾಗ ಸರಿ ತಪ್ಪಿನ ಪ್ರಶ್ನೆಯೇ ತಡವಾಗಿ ಏಳುತ್ತದೆ. ಮೊದಲು ಏಳುವುದು 'ಹೀಗೆ ಮಾಡಿದರೆ ಏನಾಗುತ್ತದೆ?' ಎಂಬ ಪ್ರಶ್ನೆ.

ನಾನೂ ಪಕ್ಕದಲ್ಲಿ ಕೂತು ಬರೆಯತೊಡಗಿದೆ, ಎಡಗೈಯಲ್ಲಿ. ಬಲಗೈಗೆ ಮೂವತ್ತು ವರ್ಷದ ಬೋರ್ಡಿನ ರೂಢಿ ಇದೆ, ಎಡಗೈಗೆ ಏನೂ ಗೊತ್ತಿಲ್ಲ. ನನ್ನ ಹಸು ಸೋಫಾದಂತೆ ಬಂತು. ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಗಂಭೀರವಾಗಿ, "ಇದಕ್ಕೆ ದಿಂಬು ಬರೀಲಾ?" ಎಂದು ಕೇಳಿದಳು. ನನ್ನ ಹಾಳೆಯ ಮೇಲೆ ಗೆರೆ ಎಳೆಯುವ ಮೊದಲು ಅವಳು ನನ್ನ ಅನುಮತಿ ಕೇಳಿದಳು ಎಂಬುದನ್ನು ಗಮನಿಸಿದೆ. ನಾನು ಆ ಹುಡುಗನ ಅನುಮತಿ ಕೇಳಿರಲಿಲ್ಲ.

ಅವನು ಹೋದ ವರ್ಷ ಸಿಕ್ಕಿದ್ದ. ಪೇಟೆಯ ಬಸ್‌ಸ್ಟ್ಯಾಂಡಿನ ಎದುರು, ಗೂಡ್ಸ್ ಆಟೋದಿಂದ ಇಳಿದು ಬಂದು "ನಮಸ್ಕಾರ ಟೀಚರ್" ಎಂದ. ಎರಡು ಮಕ್ಕಳ ತಂದೆ. ಚೆನ್ನಾಗಿದ್ದಾನೆ. ಕೇಳಬಾರದಿತ್ತೇನೋ, ಕೇಳಿದೆ: "ಆ ಬಾವಿ ಚಿತ್ರದಲ್ಲಿ ಒಂದು ಕಪ್ಪೆ ಬರೆದಿದ್ದೆ, ನೆನಪಿದೆಯೇನೋ?" ಸ್ವಲ್ಪ ಯೋಚಿಸಿ, ನಗುತ್ತ, "ಯಾವ ಕಪ್ಪೆ ಟೀಚರ್?" ಎಂದ. ಬಹುಮಾನ ಬಂದದ್ದು ನೆನಪಿತ್ತು. "ನೀವು ಚೆನ್ನಾಗಿ ಬರ್ಕೊಟ್ಟಿದ್ರಿ" ಎಂದ. ಅದರಲ್ಲಿ ಕೃತಜ್ಞತೆ ಇತ್ತು, ಅದೇ ನನ್ನನ್ನು ಕುಗ್ಗಿಸಿತು. ಅವನು ಚಿತ್ರಕಾರನಾಗುತ್ತಿದ್ದ, ನಾನು ತಪ್ಪಿಸಿದೆ ಎಂದೆಲ್ಲ ನಾನು ಹೇಳುತ್ತಿಲ್ಲ. ಅದು ಯಾರಿಗೂ ಗೊತ್ತಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಎಂಟು ವರ್ಷದವನಿಗೆ ತನ್ನ ಬಾವಿಯಲ್ಲಿ ಒಂದು ಕಪ್ಪೆ ಇಟ್ಟುಕೊಳ್ಳುವ ಹಕ್ಕು ಇತ್ತು, ಅಷ್ಟೇ. ನನ್ನ ಆ ತಪ್ಪಿನಿಂದ ಯಾವ ಹಕ್ಕಿಯೂ ಏಳಲಿಲ್ಲ. ಅದು ಇದ್ದಂತೆಯೇ ಇದೆ. ಅದರ ಪಕ್ಕದಲ್ಲಿ ಕೂತು ಅದನ್ನು ನೋಡುವುದಷ್ಟೇ ನನಗೆ ಉಳಿದದ್ದು.

ಮೊನ್ನೆ ಭಾನುವಾರ ಮತ್ತೆ ಮಳೆ. ತಂಗಿಯ ಮಗಳು ಜಗಲಿಯಲ್ಲಿ ಕೂತು ಕ್ಯಾಲೆಂಡರಿನ ಹಿಂಬದಿಗೆ ಬಸಳೆ ಹಣ್ಣಿನ ಶಾಯಿ ಬಳಿಯುತ್ತಿದ್ದಳು. ಏನು ಬರೆಯುತ್ತಿದ್ದಾಳೆ ಎಂದು ನಾನು ಕೇಳಿರಲಿಲ್ಲ. ಶಾಯಿಯ ಬಟ್ಟಲಿಗೆ ಅವಳ ಮೊಣಕೈ ತಗಲಿತು. ನೇರಳೆ ಬಣ್ಣ ಹಾಳೆಯ ಅರ್ಧ ಭಾಗವನ್ನು ನುಂಗಿ, ಅಂಚಿನಿಂದ ನೆಲಕ್ಕೆ ತೊಟ್ಟಿಕ್ಕಿತು. ಅಯ್ಯೋ ನನ್ನ ಗಂಟಲವರೆಗೆ ಬಂದಿತ್ತು. ನುಂಗಿಕೊಂಡೆ.

ಅವಳು ನನ್ನ ಕಡೆ ನೋಡಲಿಲ್ಲ. ಹಾಳೆಯನ್ನೇ ನೋಡುತ್ತಿದ್ದಳು, ತಲೆಯನ್ನು ಒಮ್ಮೆ ಆಚೆಗೆ, ಒಮ್ಮೆ ಈಚೆಗೆ ವಾಲಿಸಿ.